ಹಳೆಯ ಫೋಟೋದ ಕೂಗು

ಬುಧವಾರ.

ಇವತ್ತು ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. ನಮ್ಮ ಪ್ರಾರ್ಥನಾ ಮಂದಿರದ ಜಗಳದ ಸುದ್ದಿಗೆ ಅವರು ಹಾಕಿದ್ದು ಹನ್ನೊಂದು ವರ್ಷ ಹಳೆಯ ಫೋಟೋ. ಕೆಳಗೆ ‘ಆಕ್ರೋಶಗೊಂಡ ಭಕ್ತರು’ ಎಂದಿದೆ. ಎಲ್ಲರಿಗಿಂತ ಮುಂದೆ ಕೈ ಎತ್ತಿ, ಬಾಯಿ ತೆರೆದು ನಿಂತವಳು ನನ್ನ ಹೆಂಡತಿ. ಅವಳು ತೀರಿಹೋಗಿಯೇ ಆರು ವರ್ಷವಾಯಿತು.

“ತಾತ, ಅವಸರದಲ್ಲಿ ಫೈಲಲ್ಲಿದ್ದ ಹಳೇ ಫೋಟೋ ಹಾಕ್ಬಿಟ್ವಿ,” ಅಂದಳು ವರದಿಗಾರ್ತಿ. “ಅಜ್ಜಿ ಯಾರ ಮೇಲೆ ಕೂಗ್ತಿದ್ರು?”

“ನನ್ನ ಮೇಲೆ ಕಣಮ್ಮ! ‘ರೀ, ನಿಲ್ರೀ, ಅದು ನಿಮ್ಮ ಕೊಡೆ ಅಲ್ಲ!’ ಅಂತ.”

ಹುಡುಗಿ ನಕ್ಕಳು, ನಾನೂ ನಕ್ಕೆ. ನಾಳೆ ತಿದ್ದುಪಡಿ ಹಾಕುತ್ತಾರಂತೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಇಂಥ ತಿದ್ದುಪಡಿ ‘ವಿ ರಿಗ್ರೆಟ್’, ಅಂದರೆ ‘ವಿಷಾದಿಸುತ್ತೇವೆ’, ಎಂದು ಶುರುವಾಗುತ್ತಿತ್ತು, ಮುಂದಿನದು ಮರೆತಿದೆ.

ಅವಳ ದನಿಯನ್ನೂ ಮರೆತೆನೆಂದು ಎಷ್ಟೋ ದಿನದಿಂದ ಒಳಗೇ ಹೆದರಿಕೊಂಡಿದ್ದೆ. ಫೋನಿನಲ್ಲಿ ಆ ಮಾತು ಹೇಳುವಾಗ ನನ್ನ ಬಾಯಿಂದ ಅವಳದೇ ರಾಗ ಬಂತು. ಸುಳ್ಳು ಬರೆದ ಪತ್ರಿಕೆಯೇ ಆ ದನಿಯನ್ನು ತಂದುಕೊಟ್ಟಿತು. ಈಗ ಕಿಟಕಿಯ ಹತ್ತಿರ ಆ ಪತ್ರಿಕೆಯನ್ನು ಹರಡಿಕೊಂಡು ಕೂತಿದ್ದೇನೆ. ಅವಳು ಇನ್ನೇನು ಕೈ ಇಳಿಸುತ್ತಾಳೆ ಅನ್ನಿಸುತ್ತದೆ. ‘ಆಕ್ರೋಶಗೊಂಡ’ ಎಂಬುದನ್ನು ಪೆನ್ನಿನಲ್ಲಿ ಹೊಡೆದುಹಾಕಿದೆ. ಆ ಜಾಗದಲ್ಲಿ ಏನು ಬರೆಯಲಿ ಎಂದು ಯೋಚಿಸುತ್ತಿರುವಾಗಲೇ ಬೆಳಕು ಇಳಿಯುತ್ತಿದೆ, ಅಕ್ಷರಗಳು ಕಾಣುತ್ತಿಲ್ಲ, ಎತ್ತಿದ ಅವಳ ಕೈಯೊಂದು ಮಾತ್ರ ಇನ್ನೂ ಕಾಣುತ್ತಿದೆ.