ನತ್ತಿಂಗದ ಎರಡನೆಯ ಮರಿ

ಜೋಗಿಮಟ್ಟಿ ಕಾಡು
ಇಸವಿ ೨೩೧೭, ವೈಶಾಖದ ನಲವತ್ತೊಂದನೆಯ ದಿನ

ಮುನ್ನೂರು ವರ್ಷದ ಹಿಂದಿನ ಹಿರಿಯರಿಗೆ ಬೋರಕ್ಕ ಮಾಡುವ ನಮಸ್ಕಾರ.

ಬೇಸಿಗೆ ಬೆಳೆದಂತೆ ನಮ್ಮ ವೈಶಾಖವೂ ಬೆಳೆದಿದೆ. ತಾರೀಖು ನೋಡಿ ನಗಬೇಡಿ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನೂ ನನ್ನ ದೊಡ್ಡಮ್ಮ ಸಣ್ಣಪಾಲಮ್ಮನೂ ನೆಲನೋಟದವರು. ಅಂದರೆ, ತರಗುಬಾಚಿ ಬರುವ ಮುಂಚೆ, ನೆಲದ ಮೇಲೆ ಮರಿ ಮಾಡುವ ಹಕ್ಕಿಗಳನ್ನು ಹುಡುಕುವವರು. ತರಗುಬಾಚಿ ಮನೆಯಷ್ಟು ದೊಡ್ಡ ಯಂತ್ರ. ಕಾಡಿಗೆ ಬೆಂಕಿ ಬೀಳದಿರಲೆಂದು ಒಣಗಿದ ಎಲೆಯನ್ನೆಲ್ಲ ಬಾಚಿ ನುಂಗುತ್ತದೆ. ನಾವು ಮರಿಯನ್ನು ಕಣ್ಣಾರೆ ಕಂಡು ಸುತ್ತ ಬಿಳಿಗಲ್ಲು ಇಟ್ಟರೆ ಮಾತ್ರ ಆ ಜಾಗ ಬಿಟ್ಟು ಸುತ್ತುಬಳಸಿ ಹೋಗುತ್ತದೆ. ಗೂಡು ಹುಡುಕೋಣವೆಂದರೆ ನತ್ತಿಂಗ ಎಂಬ ಈ ಹಕ್ಕಿ ಗೂಡನ್ನೇ ಕಟ್ಟುವುದಿಲ್ಲ, ಸೋಮಾರಿ! ತರಗೆಲೆಯ ಮೇಲೇ ಎರಡು ಮೊಟ್ಟೆ ಇಡುತ್ತದೆ. ಮರಿಗಳದ್ದೂ ತರಗೆಲೆಯ ಬಣ್ಣವೇ. ಈ ಕಾಡಿನಲ್ಲಿ ಉಳಿದಿರುವುದು ನಾಲ್ಕೇ ಜೋಡಿ.

ಇವತ್ತು ಬೆಳಿಗ್ಗೆ ನನ್ನೆದುರೇ ತಾಯಿ ನತ್ತಿಂಗ ಎದ್ದು, ರೆಕ್ಕೆ ಮುರಿದಂತೆ ಹೊರಳಾಡಿತು. ಮರಿಗಳಿಂದ ನಮ್ಮನ್ನು ದೂರ ಒಯ್ಯುವ ನಾಟಕವದು.

"ಕಾಲು ಕೀಳಬ್ಯಾಡ ಕಣೇ ಬೋರಕ್ಕ! ಮರಿ ನಿನ್ನ ಕಾಲ ಬುಡದಾಗೇ ಐತೆ!" ಎಂದು ದೊಡ್ಡಮ್ಮ ಕೂಗಿದಳು.

ತಾಯಿ ಕುಂಟಿದರೆ ಕಾಲು ಕೀಳಬೇಡ: ಇದು ನಿಮ್ಮ ಕಾಲದಿಂದ ಬಾಯಿಂದ ಬಾಯಿಗೆ ಬಂದ ಮಾತು. ನಾನು ಕಂಬದಂತೆ ನಿಂತೆ. ದೊಡ್ಡಮ್ಮ ಮೊಣಕಾಲೂರಿ ಒಂದೊಂದೇ ಎಲೆ ನೋಡುತ್ತ ಬಂದಳು. ತರಗುಬಾಚಿಯ ಸದ್ದು ಹತ್ತಿರವಾಗುತ್ತಿತ್ತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಕೊನೆಗೆ ಒಂದು ಮಾರು ಆಚೆ ಒಂದು ಮರಿ ಕಂಡಿತು. ದೊಡ್ಡಮ್ಮ ಆತುರದಲ್ಲಿ ನನ್ನನ್ನೂ ಸೇರಿಸಿ ಸುತ್ತ ಕಲ್ಲಿಟ್ಟಳು. ಯಂತ್ರ ನಮ್ಮನ್ನು ಸುತ್ತುಬಳಸಿ, ಧೂಳೆಬ್ಬಿಸಿ ಹೋಯಿತು. ಬದುಕಿದೆವೆಂದು ನಗುತ್ತ ನಾನು ಕಾಲೆತ್ತಿದೆ.

ಎರಡನೆಯದು ನನ್ನ ಹಿಮ್ಮಡಿಯ ಕೆಳಗಿತ್ತು. ಕಾದ ನೆಲಕ್ಕೆಂದು ಹಾಕುವ ನಮ್ಮ ದಪ್ಪ ಮೆಟ್ಟಿಗೆ ಏನೂ ತಿಳಿಯುವುದಿಲ್ಲ. ದೊಡ್ಡಮ್ಮ ಕೂಗುವ ಮೊದಲೇ ತುಳಿದಿದ್ದೆ. ಆಗ ಮೆತ್ತನೆಯ ಎಲೆಯೊಳಗೆ ಹೂತು ಇನ್ನೂ ಉಸಿರಾಡುತ್ತಿತ್ತೇನೋ. ಅರ್ಧ ಗಂಟೆ ನಾನು ಕಾಲು ಕೀಳಲಿಲ್ಲ.

ದೊಡ್ಡಮ್ಮ ಅದನ್ನು ಅಂಗೈಲಿಟ್ಟುಕೊಂಡು, "ಇನ್ನೂ ಬೆಚ್ಚಗೈತಲ್ಲೇ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಹಿರಿಯರೇ, ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅರ್ಧ ಮಾತು ಕಲಿಸಿ ಹೋದಿರಿ. ಆ ಮಾತನ್ನು ಮೊದಲು ಆಡುವವರು ಈಗ ನಿಮ್ಮ ನಡುವೆಯೇ ಇದ್ದಾರೆ. ಅವರನ್ನು ಹುಡುಕಿ ಹೇಳಿ: ತಾಯಿ ಕುಂಟಿದರೆ, ಮೊದಲು ಊರಿದ ಕಾಲನ್ನು ನೆಟ್ಟಗೆ ಎತ್ತಿ ಅದರಡಿ ಮರಿಯಿದೆಯೇ ನೋಡು, ಇಲ್ಲದಿದ್ದರೆ ಅಲ್ಲೇ ನಿಲ್ಲು. ಮಕ್ಕಳಿಗೂ ಹೀಗೆಯೇ ಕಲಿಸಿ. ನಿಮಗೆ ಮುನ್ನೂರು ವರ್ಷ ಸಮಯವಿದೆ. ಇವತ್ತು ಬೆಳಿಗ್ಗೆ ನನ್ನ ದೊಡ್ಡಮ್ಮ ಬಾಯಿ ತೆರೆಯುವಷ್ಟರಲ್ಲಿ ಆ ಮಾತು ಪೂರ್ತಿಯಾಗಿ ಬಂದು ಮುಟ್ಟಲಿ.