ಕ್ವಾರಿ ಹೊಂಡದ ನೀರು

ಪದ್ಮಾ,

ನಾ ಆರಾಮ ಅದೀನಿ. ಕ್ವಾರಿ ಹೊಂಡದ ನೀರು ಪರೀಕ್ಷಾಕ್ಕ ಒಯ್ದವರು ನಿನ್ನೆ ಮತ್ತ ಬಂದಿದ್ರು.

"ಇಲ್ಲಿ ಕಲ್ಲಿನೊಳಗ ಮೊದಲಿಂದ್ಲೂ ವಿಕಿರಣ ಐತ್ರೀ, ಅದು ನೀರಿಗೆ ಇಳದೈತಿ. ಮೈ ತೊಳಕೊಳ್ಳಾಕ ಅಡ್ಡಿಯಿಲ್ಲ, ಕುಡೀಬ್ಯಾಡ್ರಿ," ಅಂದ್ರು.

"ನನ್ನ ಹೆಂಡ್ತಿ ಬಸರಿ, ತವರಿಗೆ ಹೋಗೂತನಕ ಇದನ್ನ ಕುಡದಾಳ್ರೀ," ಅಂದೆ.

"ದವಾಖಾನಿಗೆ ತೋರಸ್ರಿ," ಅಂದ್ರು.

ಈ ಪತ್ರ ಮುಟ್ಟಿದ ಕೂಡ್ಲೆ ನಿಮ್ಮವ್ವನ ಕರಕೊಂಡು ಸಿಂಧನೂರಿನ ದವಾಖಾನಿಗೆ ಹೋಗು. ಅಂಜಬ್ಯಾಡ. ಡಾಕ್ಟರು ಏನಂದ್ರು ಅಂತ ಇದ್ದದ್ದು ಇದ್ದಂಗ ತಿಳಸು.

ಬಾಜೂಕಿನ ಗದ್ದೆಪ್ಪ ಕಾಕಾನ ಮನಿಯವರೂ ಈ ನೀರಿಗೆ ಅಂಜಿ ಊರೊಳಗ ಇರಾಕ ಹೋದ್ರು. ಕುರಿ ಅದಾವಂತ ನಾ ಒಬ್ಬನ ಇಲ್ಲಿ ಉಳದೀನಿ. ನೀ ಸದ್ಯ ಗೊರೇಬಾಳದಾಗ ನಿಮ್ಮವ್ವನ ಹತ್ರನ ಇರು, ಬಾ ಅನ್ನೂದಿಲ್ಲ.

ಕುಡಿಯೂ ನೀರು ಮಸ್ಕಿಯಿಂದ ಗಾಡಿ ಮ್ಯಾಲೆ ತರತೀನಿ. ನನಗ ಒಂದ ಕ್ಯಾನ್ ಸಾಕು. ಆದ್ರೂ ಎರಡು ತುಂಬಸ್ತೀನಿ.

ನಿನ್ನ
ದುರುಗೇಶ