ಕೆಂಪು ಚೀಟಿಯ ಪೆಟ್ಟಿಗೆ

ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ರೀ,

ಕಾಗದದಲ್ಲೂ ಹೀಗೇ ಕೂಗುತ್ತಿದ್ದೇನೆ, ನಗಬೇಡಿ. ಫೋನಿನಲ್ಲಿ ನಮ್ಮದು ‘ಊಟ ಆಯ್ತಾ’, ‘ಆಯ್ತು’ಗಳಲ್ಲೇ ಮುಗಿದುಹೋಗುತ್ತದೆ. ಉಳಿದದ್ದನ್ನು ಹೇಳದೆಯೇ ಫೋನ್ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರ್ಖಾನೆಯಲ್ಲಿ ತಗಡು ಒತ್ತುವ ನಿಮ್ಮ ಪ್ರೆಸ್ ಮಷೀನು ನಿಂತಿದ್ದ ಜಾಗದಲ್ಲಿ ಈಗ ನಾಲ್ಕು ಬೋಲ್ಟಿನ ತೂತುಗಳು ಮಾತ್ರ ಇವೆ. ಕಂಪನಿಯವರು ಅದನ್ನು ಬಿಚ್ಚಿ, ಹಡಗಿಗೆ ಹಾಕಿ, ಕೂಲಿ ಅಗ್ಗದ ದೇಶಕ್ಕೆ ಸಾಗಿಸಿ, ಕಲಿಸಲು ನಿಮ್ಮನ್ನೂ ಜೊತೆಗೆ ಕಳಿಸಿ ಹದಿನೇಳು ತಿಂಗಳಾಯಿತು. ನೀವು ಅಲ್ಲಿ ತಯಾರಿಸಿದ ಕಾರಿನ ಬಾಗಿಲ ಕೀಲುಗಳು ಸಮುದ್ರ ದಾಟಿ ಕೊನೆಯ ತಪಾಸಣೆಗೆ ನನ್ನ ಮೇಜಿಗೇ ಬರುತ್ತವೆ. ಒಂದೊಂದರ ಮೇಲೂ ಹಳದಿ ಬಣ್ಣದ ನಿಮ್ಮ ಗುರುತು: ಒಂದು ಗೆರೆ, ಅದರ ತುದಿಗೆ ಕುಟ್ಟಿ ನೋಡಿದಂತೆ ಒಂದು ಚುಕ್ಕೆ. ಮನೆಯಲ್ಲೂ ಹಾಗೇ ಅಲ್ಲವೇ, ಕದ ಹಾಕಿದ ಮೇಲೆ ಬೆರಳಿನಿಂದ ಒಮ್ಮೆ ಕುಟ್ಟದಿದ್ದರೆ ನಿಮಗೆ ಸಮಾಧಾನವಿಲ್ಲ. ಆ ಚುಕ್ಕೆ ಮುಟ್ಟಿದಾಗಲೆಲ್ಲ ನೀವು ಚೆನ್ನಾಗಿದ್ದೀರಿ ಎಂದುಕೊಳ್ಳುತ್ತೇನೆ. ಪಕ್ಕದ ಮೇಜಿನ ಅಕ್ಕ, ಕೀಲು ನೋಡೋದು ಬಿಟ್ಟು ಸವರ್ತಾ ಕೂತಿದೀಯಲ್ಲೇ ಅಂತ ರೇಗಿಸುತ್ತಾಳೆ.

ನೀವು ಹೊರಟ ದಿನ, ಮಷೀನಿನ ಹಿಂದೆ ಓಡಿಬರೋಕೆ ನಾನೇನು ಅದರ ಬಾಲವಾ ಎಂದಿದ್ದೆ. ಆ ಮಾತು ಆಡಬಾರದಿತ್ತು. ನೀವೂ ಒಂದು ಸಲ ‘ಬಾ’ ಅನ್ನಬಹುದಿತ್ತು, ಅನ್ನಲಿಲ್ಲ. ಸೂಟ್‌ಕೇಸಿನ ಬೀಗವನ್ನು ಮೂರು ಸಲ ಕುಟ್ಟಿ ಹೊರಟುಹೋದಿರಿ. ಅಡುಗೆಮನೆಯ ಕಪಾಟಿನ ಬಾಗಿಲು ಈಗ ಕಿರ್ರೆನ್ನುತ್ತದೆ. ನಾನು ಎಣ್ಣೆ ಬಿಟ್ಟಿಲ್ಲ. ಬಿಡುವವರು ಬರಲಿ ಎಂದು ಹಾಗೇ ಇಟ್ಟಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳಿಂದ ಪೆಟ್ಟಿಗೆಗಳು ಇಲ್ಲಿಗೆ ಬರುವುದಿಲ್ಲವಂತೆ, ಅಲ್ಲಿಂದಲೇ ನೇರವಾಗಿ ಕಾರು ಜೋಡಿಸುವ ಕಾರ್ಖಾನೆಗೆ ಹೋಗುತ್ತವಂತೆ. ನನ್ನ ಮೇಜನ್ನೂ ಎತ್ತಿಬಿಡುತ್ತಾರೆ. ಮೇಲ್ವಿಚಾರಕರು ಕರೆದು, ಅಲ್ಲಿ ತಪಾಸಣೆ ಕಲಿಸೋಕೆ ಒಬ್ಬರು ಬೇಕು, ಹೋಗ್ತೀರೇನಮ್ಮ ಅಂತ ಕೇಳಿದರು. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. ಬರೀ ಕೆಲಸಕ್ಕಾಗಿ ಆದರೆ ನನಗದು ಬೇಡ. ನಿಮ್ಮನ್ನು ನೋಡದೆ ಇರಲಾಗುತ್ತಿಲ್ಲ, ಅಷ್ಟೇ. ಆದರೆ ಕರೆಯದೆ ಹೇಗೆ ಬರಲಿ?

ಹೊತ್ತಿಗೆ ಸರಿಯಾಗಿ ಉಣ್ಣಿ. ಫೋನಿನಲ್ಲಿ ನೀವು ‘ಆಯ್ತು’ ಎಂದರೆ ನಾನು ನಂಬುವುದಿಲ್ಲ.

ನಿಮ್ಮ,
ಅದೇ ಬಾಲ

ತಾ.ಕ.: ಡಿಸೆಂಬರಿನಲ್ಲಿ ಕೆಂಪು ಚೀಟಿ ಅಂಟಿಸಿ, ‘ಕೀಲು ಬಿಗಿ’ ಎಂದು ನಾನು ವಾಪಸ್ ಕಳಿಸಿದ ಪೆಟ್ಟಿಗೆ ನೆನಪಿದೆಯೇ? ಅದರಲ್ಲಿ ಒಂದು ಕೀಲೂ ಬಿಗಿ ಇರಲಿಲ್ಲ. ನಾನು ಮುಟ್ಟಿದ್ದು ನಿಮ್ಮ ಕೈ ಸೇರಲಿ ಎಂದು ಸುಳ್ಳು ಬರೆದೆ. ಹನ್ನೆರಡು ವರ್ಷದ ಕೆಲಸದಲ್ಲಿ ಅದೊಂದೇ ಸುಳ್ಳು. ಮೊನ್ನೆ ಪೆಟ್ಟಿಗೆ ತಿರುಗಿ ಬಂತು. ಚೀಟಿಯ ಕೆಳಗೆ ನಿಮ್ಮ ಅಕ್ಷರದಲ್ಲಿ ‘ಸರಿಪಡಿಸಲಾಗಿದೆ’ ಎಂದಿತ್ತು. ನೀವು ಒಂದನ್ನೂ ಬಿಚ್ಚಿರಲಿಲ್ಲ. ಪ್ರತಿಯೊಂದರ ಮೇಲೂ ಹಳೆಯ ಚುಕ್ಕೆಯ ಪಕ್ಕದಲ್ಲಿ ಇನ್ನೊಂದು ಚುಕ್ಕೆ ಇಟ್ಟಿದ್ದಿರಿ. ಅದನ್ನು ‘ಬಾ’ ಎಂದು ಓದಿಕೊಳ್ಳಲೇ?